ಎಡಗಾಲಿಗೆ ರಜೆ

ಬೇಕರಿಯ ಗೇಟು ದಾಟುವ ಮೊದಲೇ ವ್ಯಾನು ಗಕ್ಕನೆ ನಿಂತಿತು. ಹಿಂದಿನ ಸೀಟಿನಲ್ಲಿ ಮೂರಂತಸ್ತಿನ ಕೇಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಬೇಕರಿಯಮ್ಮ ಕೇಕಿನ ಸಮೇತ ಮುಂದಕ್ಕೆ ವಾಲಿ ಹೇಗೋ ಸಾವರಿಸಿಕೊಂಡರು. ಕ್ರೀಮಿನ ಗುಲಾಬಿಯೊಂದು ಅವರ ಗಲ್ಲಕ್ಕೆ ಅಂಟಿತು.

“ಕ್ಲಚ್ಚು ಅಂತ ಬ್ರೇಕ್ ತುಳಿದ್ಬಿಟ್ಟೆ ಅಮ್ಮ,” ಅಂದ ಬಸ್ಸಣ್ಣ.

“ಈ ಆಟೋಮ್ಯಾಟಿಕ್ ಗಾಡೀಲಿ ಕ್ಲಚ್ಚೇ ಇಲ್ಲ ಅಂತ ಆಗ್ಲೇ ಹೇಳಿದ್ನಲ್ಲ.”

“ನೀವು ನನಗೆ ಹೇಳಿದ್ರಿ. ಕಾಲಿಗೆ ಯಾರು ಹೇಳ್ತಾರೆ?”

ಬದುಕಿಡೀ ಸಿಟಿ ಬಸ್ಸು ಓಡಿಸಿ ನಿವೃತ್ತನಾದ ಬಸ್ಸಣ್ಣ ಈಗ ಮನೆಯಲ್ಲಿ ಕೂತು ಹೆಂಡತಿಯ ಒಗ್ಗರಣೆಗೂ ಸಲಹೆ ಕೊಡತೊಡಗಿದ್ದ. ಇನ್ನೊಂದು ವಾರ ಹೀಗೇ ಕೂತರೆ ತಾನೇ ಯಾವುದಾದರೂ ಬಸ್ಸು ಹತ್ತಿ ಹೋಗಿಬಿಡುತ್ತೇನೆ ಎಂದು ಆಕೆ ಬೆಳಿಗ್ಗೆ ಹೇಳಿ ಕಳಿಸಿದ್ದಳು. ಬೇಕರಿಯಮ್ಮನ ಷರತ್ತೂ ಸರಳವಾಗಿತ್ತು: ಊರಾಚೆಯ ಸಭಾಂಗಣಕ್ಕೆ, ಒಬ್ಬ ಅಜ್ಜಿಯ ಹುಟ್ಟುಹಬ್ಬಕ್ಕೆ, ಈ ಕೇಕು ಕೇಕಾಗಿಯೇ ತಲುಪಬೇಕು. ತಲುಪಿದರೆ ಡ್ರೈವರ್ ಕೆಲಸ ಅವನದು.

ಬೇಕರಿಯಮ್ಮ ಗಲ್ಲದ ಗುಲಾಬಿಯನ್ನು ಕಿತ್ತು ಬಾಯಿಗೆ ಹಾಕಿಕೊಂಡರು. “ಪಾಪ, ಎಷ್ಟು ವರ್ಷ ದುಡಿದಿದೆ ಆ ಕಾಲು. ಈ ಗಾಡೀಲಿ ಅದಕ್ಕೆ ರಜೆ ಕೊಡಿ ಬಸ್ಸಣ್ಣ. ಮಡಚಿ ಸೀಟಿನ ಕಡೆ ಇಟ್ಕೊಳ್ಳಿ.”

ಬಸ್ಸಣ್ಣ ಎಡಗಾಲನ್ನು ಹಿಂದಕ್ಕೆಳೆದು ಹಿಮ್ಮಡಿಯನ್ನು ಸೀಟಿಗೆ ಒತ್ತಿಟ್ಟ. ವ್ಯಾನು ಬೆಣ್ಣೆ ಜಾರಿದ ಹಾಗೆ ಹೊರಟಿತು. ಗೇರು ತಾನಾಗಿಯೇ ಬದಲಾಗುತ್ತಿತ್ತು. ಕೆಲಸವಿಲ್ಲದ ಎಡಗೈ ಸುಮ್ಮನೆ ಗೇರಿನ ಹಿಡಿ ಸವರುತ್ತಿತ್ತು.

ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಡೀಸೆಲ್ ಉಳಿಸುವ ಬಸ್ಸಿನ ಚಾಳಿ ಬಿಟ್ಟೀತೇ? ಬ್ರೇಕ್ ತುಳಿದುಕೊಂಡೇ ಎಂಜಿನ್ ಆಫ್ ಮಾಡಿದ. ಹಸಿರು ಬಿದ್ದಾಗ ಕೀ ತಿರುಗಿಸಿದರೆ ಎಂಜಿನ್ ಕೆಮ್ಮಲೂ ಇಲ್ಲ. ಹಿಂದಿನಿಂದ ಹಾರ್ನುಗಳ ಸಂತೆ. ಹೊಸ ಗಾಡಿ ಕೆಡಿಸಿಬಿಟ್ಟೆ ಎಂದುಕೊಂಡು ಬಸ್ಸಣ್ಣ ಮತ್ತೆ ಮತ್ತೆ ಕೀ ತಿರುಗಿಸಿದ. ಕೆಟ್ಟಿಲ್ಲ, ಹಿಡಿ ಇನ್ನೂ ಓಡಿಸುವ ಡಿ ಅಕ್ಷರದಲ್ಲೇ ಇದೆ ನೋಡಿ ಎಂದರು ಬೇಕರಿಯಮ್ಮ. ಪಾರ್ಕಿಂಗಿನ ಪಿ ಅಥವಾ ನ್ಯೂಟ್ರಲ್ಲಿನ ಎನ್‌ನಲ್ಲಿದ್ದರೆ ಮಾತ್ರ ಸ್ಟಾರ್ಟ್ ಆಗುತ್ತದೆ. ಡಿಯಲ್ಲೂ ಸ್ಟಾರ್ಟ್ ಆಗುವಂತಿದ್ದರೆ ಕೀ ತಿರುಗಿಸಿದ ಕೂಡಲೇ ಗಾಡಿ ನೆಗೆದು ಎದುರಿನವನ ಮೇಲೆ ಬೀಳುತ್ತಿತ್ತು, ಅದಕ್ಕೇ ಈ ಬೀಗ. ಎನ್‌ಗೆ ತಂದ, ಸ್ಟಾರ್ಟ್ ಆಯಿತು. ಬ್ರೇಕ್ ಒತ್ತಿದಂತೆಯೇ ಡಿಗೆ ತಂದ, ಹೊರಟಿತು.

“ನಮ್ಮ ಕಂಡಕ್ಟರ್‌ಗಿಂತ ಕಟ್ಟುನಿಟ್ಟು,” ಅಂದ ಬಸ್ಸಣ್ಣ ಮೆಚ್ಚುಗೆಯಿಂದ.

ಕೊನೆಗೆ ಬಂತು ಇಳಿಜಾರು. ಕೆಳಗೆ ಸಭಾಂಗಣ ಕಾಣುತ್ತಿತ್ತು, ನಡುವೆ ಕಡಿದಾದ ರಸ್ತೆ. ಬಸ್ಸಿನಲ್ಲಾಗಿದ್ದರೆ ಸೆಕೆಂಡ್ ಗೇರಿಗೆ ಇಳಿಸುತ್ತಿದ್ದ. ಇಲ್ಲಿ? ಇಳಿಜಾರಿನ ನೆತ್ತಿಯಲ್ಲೇ ವ್ಯಾನು ನಿಲ್ಲಿಸಿ, ಡಿ ಅಕ್ಷರದ ಕೆಳಗೆ ಎಲ್ ಅಂತ ಇದೆಯಲ್ಲ, ಅದು ಏತಕ್ಕೆ ಎಂದು ಕೇಳಿದ. ಬೇಕರಿಯಮ್ಮ ಅದನ್ನು ಮುಟ್ಟಿದವರೇ ಅಲ್ಲ; ಬ್ರೇಕ್ ಹಿಡಿದು ಹಿಡಿದು, ಅದು ಸುಟ್ಟ ವಾಸನೆ ಸಹಿಸುತ್ತ ಇಳಿಯುತ್ತಿದ್ದರಂತೆ.

“ಹಾಗಾದ್ರೆ ಇದೇ ನಮ್ಮ ಸೆಕೆಂಡ್ ಗೇರಿನ ತಮ್ಮ ಇರ್ಬೇಕು,” ಎನ್ನುತ್ತ ಬಸ್ಸಣ್ಣ ಹಿಡಿಯನ್ನು ಎಲ್‌ಗೆ ಎಳೆದು, ಬ್ರೇಕನ್ನು ಮೆಲ್ಲಗೆ ಸಡಿಲಿಸಿದ. ಎಂಜಿನ್ ಗುರ್ರೆಂದು ವ್ಯಾನನ್ನು ತಡೆದು ಹಿಡಿಯಿತು. ಮಲಗಿದ ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಮೂರಂತಸ್ತೂ ಕೆಳಗಿಳಿದವು.

ಸಭಾಂಗಣದ ಮುಂದೆ ಬಸ್ಸಣ್ಣ ಹ್ಯಾಂಡ್‌ಬ್ರೇಕ್ ಎಳೆದು, ಹಿಡಿಯನ್ನು ಪಿಗೆ ಸೇರಿಸಿ, ಓಡಿ ಬಂದು ಹಿಂದಿನ ಬಾಗಿಲು ತೆರೆದ. ಕೇಕು ಕೇಕಾಗಿಯೇ ಇತ್ತು. ಅವನು ಅದನ್ನು ಎರಡೂ ಕೈಗಳಲ್ಲಿ ಎತ್ತಿಕೊಂಡು, ಕೇಳಲೋ ಬೇಡವೋ ಎಂಬಂತೆ ಬೇಕರಿಯಮ್ಮನ ಮುಖ ನೋಡಿದ. ಅವರು ಕೂತಲ್ಲಿಂದ ಕದಲಲಿಲ್ಲ.

“ಯಾಕಮ್ಮ, ಇಳಿಯಲ್ವಾ?”

“ಬಲಗಾಲು ಜೋಮು ಹಿಡಿದಿದೆ ಬಸ್ಸಣ್ಣ. ಗೇಟಿನಿಂದ ಇಲ್ಲೀತನಕ ನಾನೂ ಇಲ್ಲಿ ಬ್ರೇಕ್ ತುಳ್ಕೊಂಡೇ ಬಂದೆ. ನಾಳೆಯಿಂದ ನೀವೊಬ್ರೇ ಹೋಗಿ ಬನ್ನಿ.”