ಅಪ್ಪಂದಿರ ಸೂಜಿ

ಗಂಡಸರ ಮೈ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನನ್ನು ತಯಾರಿಸುವುದನ್ನು ನಿಲ್ಲಿಸಿ ಎರಡು ತಲೆಮಾರಾಗಿತ್ತು. ಗದಗಿನ ಔಷಧ ಕೇಂದ್ರದಲ್ಲಿ ಎಲ್ಲ ಗಂಡಸರಿಗೂ ತಿಂಗಳಿಗೊಮ್ಮೆ ಅದರ ಜೆಲ್ ಕೊಡುತ್ತಿದ್ದರು. ಹೆಗಲಿಗೆ ಹಚ್ಚಿದ ಜೆಲ್ ಎಳೆಯ ಮೈಗೆ ತಗುಲಬಾರದು. ಹಾಗಾಗಿ ಮನೆಯಲ್ಲಿ ಐದು ವರ್ಷದೊಳಗಿನ ಮಗುವಿದ್ದ ಅಪ್ಪಂದಿರಿಗೆ ಮಾತ್ರ ಸೂಜಿ.

"ಬರ್ರಿ ಈರಪ್ಪಣ್ಣಾ, ಅಂಗಿ ತೋಳ ಏರಸ್ರಿ," ಎಂದಳು ನರ್ಸ್ ಗಂಗವ್ವ. "ಮಗಳೆಲ್ರಿ? ಸೂಜಿ ನಿಮಗ ಚುಚ್ಚಿದ್ರ ಅಳಾಕಿ ಆಕಿ!"

ಸುಮ್ಮನಿದ್ದರೆ ಸೂಜಿ ಸಿಗುತ್ತಿತ್ತು. ಕೇಂದ್ರದ ಔಷಧ ಚೀಟಿಯಲ್ಲಾದರೂ ಮಗಳು ಇನ್ನೊಂದು ತಿಂಗಳು ಇರುತ್ತಿದ್ದಳು. ಈರಪ್ಪ ತೋಳು ಏರಿಸಲಿಲ್ಲ.

"ಜೆಲ್ ಕೊಡ್ರಿ ಅಕ್ಕಾರ. ಜ್ವರಾ ಇಳೀಲೇ ಇಲ್ರಿ. ಹ್ವಾದ ವಾರ ಮಣ್ಣು ಮಾಡಿದ್ವಿ."

ಗಂಗವ್ವ ಸಿರಿಂಜನ್ನು ಕೆಳಗಿಟ್ಟು, ಜೆಲ್ ಟ್ಯೂಬು ಕೊಟ್ಟಳು.

ಹೊರಗಿನ ಬೆಂಚಿನ ಮೇಲೆ ಕೂತು ಅಂಗಿ ಬಿಚ್ಚಿದ. ಮಗಳು ನಿದ್ದೆ ಹೋಗುತ್ತಿದ್ದ ಹೆಗಲಿಗೇ ಜೆಲ್ ಹಚ್ಚಿ, ಒಣಗಲೆಂದು ಕಾದ. ಅಷ್ಟರಲ್ಲಿ ಯಾರದೋ ಹೆಣ್ಣುಕೂಸು ಪುಟ್ಟ ಹೆಜ್ಜೆಯಿಡುತ್ತ ಬಂದು, ಎತ್ತಿಕೊಳ್ಳೆಂದು ಎರಡೂ ಕೈ ಚಾಚಿತು. ಮೂರು ವರ್ಷದ ರೂಢಿಯಲ್ಲಿ ಈರಪ್ಪನ ಕೈಗಳೂ ಮುಂದೆ ಬಂದವು. ಮರುಕ್ಷಣ ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಎದ್ದು ದೂರ ಸರಿದ.

"ಬ್ಯಾಡವ್ವಾ," ಎಂದ, "ಮೈ ಹಸಿ ಐತಿ."