ಹಾಲ್ಟಿನ ಮರುದಿನ

ಬಸ್ ಕಂಡಕ್ಟರ್ ಅನ್ನಪೂರ್ಣೇಶ್ವರಿ ಡ್ಯೂಟಿ ಮುಗಿಸಿ ರೋಣದ ತನ್ನ ಮನೆಗೆ ಬಂದಾಗ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಲಗೆಗಳ ಮೇಲಿದ್ದ ಹಂಡೆ, ಕೊಡ, ಪರಾತ, ತಂಬಿಗೆಗಳನ್ನೆಲ್ಲ ಅತ್ತೆ ಗಾಳೆವ್ವ ಪಕ್ಕದ ಮನೆಯವರನ್ನು ಕರೆದು ಇಳಿಸಿ, ನಟ್ಟನಡುವೆ ರಾಶಿ ಹಾಕಿಸಿದ್ದಳು. ಮಹಾನವಮಿ ಅಮಾವಾಸ್ಯೆಗೆ ಇನ್ನೂ ಐದು ದಿನವಿತ್ತು.

“ಈಗ ಹ್ಯಾಂಗ ಬಿಡ್ತಿ ನೋಡೂಣು. ನಮ್ಮ ಮನ್ಯಾಗ ಹಬ್ಬದ ಭಾಂಡೆ ಒಂದ ದಿನದಾಗ ಬೆಳಗಿ ಮುಗೀಬೇಕು,” ಎಂದಳು ಗಾಳೆವ್ವ.

ಜಗಳ ಶುರುವಾದದ್ದು ಅಡುಗೆಮನೆಯ ಬಾಗಿಲಿಗೆ ಸೊಸೆ ಅಂಟಿಸಿದ್ದ ಚೀಟಿಯಿಂದ. ಡ್ಯೂಟಿ ಇದ್ದ ದಿನ ಆರು ಭಾಂಡೆ. ವಾರದ ರಜೆಯ ದಿನ ಅಡುಗೆಮನೆ. ಕೌದಿ ಒಗೆಯುವುದು ಗಂಡ ಕೊಟ್ರೇಶನ ಪಾಲು. ರಾತ್ರಿ ಬಸ್ಸಿನೊಂದಿಗೆ ಪರವೂರಲ್ಲಿ ತಂಗುವ ನೈಟ್ ಹಾಲ್ಟಿನ ಮರುದಿನ ನಿದ್ದೆ. ಆ ಕೊನೆಯ ಸಾಲನ್ನು ಗಾಳೆವ್ವ ಮೊಮ್ಮಗಳು ಐಶ್ವರ್ಯಾಳಿಂದ ಎರಡು ಸಲ ಓದಿಸಿ ಕೇಳಿದ್ದಳು. “ನಿದ್ದಿ ಅಂತ ಬರದು ಬಾಗಲಕ್ಕ ಹಚ್ಚಿದವರನ್ನ ಎಲ್ಲೆರ ನೋಡೀಯೇನ?”

ಅನ್ನಪೂರ್ಣೇಶ್ವರಿ ಟಿಕೆಟ್ ಮಷಿನ್ನಿನ ಚೀಲವನ್ನು ಗೂಟಕ್ಕೆ ಹಾಕಿದಳು. ರಾಶಿಯಿಂದ ಆರು ಭಾಂಡೆ ಆರಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಒರೆಸಿ ಹಲಗೆಗೆ ಏರಿಸಿದಳು. ಉಳಿದವನ್ನು ದಾಟಿಕೊಂಡು ಹೋಗಿ ಅನ್ನಕ್ಕಿಟ್ಟಳು.

“ಉಳದಾವಲ್ಲ?”

“ಅವು ನಾಳಿಂದು, ನಾಡದಿಂದು. ಹೋದ ವರ್ಷ ನೀವು ಹೇಳಿದಾಂಗ ಒಂದ ದಿನ ಮಾಡಿದ್ನಿ. ಮರುದಿನ ಬಸ್ಸಿನ್ಯಾಗ ಬಿದ್ನಿ, ಬೆಳವಣಕಿ ಸ್ಟಾಪಿನ್ಯಾಗ ಮಂದಿ ನನ್ನ ಎತ್ತಿ ಇಳಿಸಿದ್ರು. ಮೈಯಾಗ ರಕ್ತ ಇಲ್ಲಂತ ದವಾಖಾನ್ಯಾಗ ಹೇಳಿದ್ದು ನೀವೂ ಕೇಳೀರಿ. ಈ ಸಲ ನಾ ಬೀಳಾಂಗಿಲ್ರಿ, ಅತ್ತಿ.”

ಗಾಳೆವ್ವನ ಸಿಟ್ಟು ಇಳಿಯಲಿಲ್ಲ. ಐತವಾರ ಮಗ ಓಣಿಯ ನಳದ ಮುಂದೆ ಎಲ್ಲರ ಕಣ್ಣೆದುರು ಕೌದಿ ತುಳಿಯುತ್ತಿದ್ದಾಗ ಕಿಟಕಿ ಮುಚ್ಚಿ ಒಳಗೇ ಕುಳಿತಳು.

ಅಮಾವಾಸ್ಯೆಯ ಹಿಂದಿನ ದಿನ ಮುಶಿಗೇರಿಯಿಂದ ಗಾಳೆವ್ವನ ಅಕ್ಕ ಕಳಕವ್ವ ಬಂದಳು. ಅರ್ಧ ರಾಶಿ ಇನ್ನೂ ಪಡಸಾಲೆಯಲ್ಲಿತ್ತು. ಸೀರೆ ಎತ್ತಿ ಹಿಡಿದು, ಕೊಡಗಳ ನಡುವೆ ಹೆಜ್ಜೆ ಹುಡುಕುತ್ತ ಬಂದು ಗೋಡೆಗೊರಗಿ ಕುಳಿತಳು. ಆ ಹೊತ್ತಿಗೇ ನೈಟ್ ಹಾಲ್ಟ್ ಮುಗಿಸಿ ಅನ್ನಪೂರ್ಣೇಶ್ವರಿಯೂ ಬಂದಳು. ಕೆಂಪಾದ ಕಣ್ಣು, ಧೂಳು ಮೆತ್ತಿದ ಖಾಕಿ. ಬಾಗಿ ಕಳಕವ್ವನ ಕಾಲು ಮುಟ್ಟಿದಳು.

“ಆರಾಮ ಅದೀರಿ, ದೊಡ್ಡತ್ತಿ? ಅತ್ತಿ ಚಾ ಕೊಡ್ತಾರ. ನಂದು ಇವತ್ತ ಮಕ್ಕೊಳ್ಳೂ ದಿನ,” ಎಂದು ಒಳಗೆ ಹೋಗಿ ಚಾಪೆ ಹಾಸಿದಳು. ಎರಡು ನಿಮಿಷದಲ್ಲಿ ಅವಳ ಉಸಿರು ಭಾರವಾಗಿ ಪಡಸಾಲೆಗೆ ಕೇಳಿಸತೊಡಗಿತು.

ಕಳಕವ್ವ ತಂಗಿಯ ಮುಖ ನೋಡಿದಳು. “ನಾಳೆ ಹಬ್ಬ. ಭಾಂಡೆ ಹಿಂಗ ಬಿದ್ದಾವು, ಸೊಸಿ ಹಗಲ ಹೊತ್ತು ಮಕ್ಕೊಂಡಾಳ. ನೀ ನೋಡ್ಕೊಂತ ಕುಂತೀ? ನಾವು ಸುಣ್ಣಾ ಬಳದು, ಭಾಂಡೆ ಬೆಳಗಿ, ಒಂದ ದಿನದಾಗ ಮುಗಸ್ತಿದ್ದಿಲ್ಲೇನ? ತಡಿ, ನಾ ಎಬ್ಬಸ್ತೀನಿ.”

ಅವಳು ಗೋಡೆ ಹಿಡಿದು ಎದ್ದಳು. ಗಾಳೆವ್ವ ಕೈ ಚಾಚಿ ಅಕ್ಕನ ಸೆರಗು ಹಿಡಿದಳು.

“ಎಬ್ಬಿಸಬ್ಯಾಡ.”

“ಯಾಕ? ಅಂಜತೀ ಏನ ಸೊಸಿಗೆ?”

ಗಾಳೆವ್ವ ಸೆರಗು ಬಿಡಲಿಲ್ಲ. ಅವಳ ದನಿ ತಗ್ಗಿತ್ತು, ಒಳಗೆ ಮಲಗಿದವಳಿಗೆ ಕೇಳಿಸದಷ್ಟು.

“ನಮ್ಮ ತಂಗಿ ದ್ಯಾಮವ್ವನೂ ಒಂದ ದಿನದಾಗ ಮುಗಿಸಿದ್ಲು, ಅಕ್ಕ. ಇಪ್ಪತ್ತು ದಿನದ ಬಾಣಂತಿ. ಮರುದಿನ ಆಕೀನ್ನ ಮಣ್ಣಿಗೆ ಹೊತಗೊಂಡು ಹೊರಗ ನಡದಾಗ ಮನಿ ಥಳಥಳ ಹೊಳೀತಿತ್ತು.”