ಗೌನಿಗೆ ಕತ್ತರಿ

ದಂಡಿನ ಪೇಟೆಯ ದರ್ಜಿ ಪಾಂಡೋಜಿ ಹೊಲಿದ ಕೆಂಪು ಗೌನು ಕಲ್ಕತ್ತೆಯಿಂದ ಕೊಲಂಬೊವರೆಗೆ ಊರೂರನ್ನೇ ನಗಿಸಿ ಬಂದಿತ್ತು. ಬಿಳಿಯರ ನಾಟಕ ಕಂಪನಿಯ ದೊರೆಸಾನಿ ಒಂದೇ ಅಂಕದ ಹಾಸ್ಯ ನಾಟಕದಲ್ಲಿ ಅದನ್ನು ತೊಟ್ಟು ಗಿರಗಿರನೆ ತಿರುಗಿದರೆ, ಗೋಡೆಯ ಹಲ್ಲಿಯೂ ನಕ್ಕು ನಕ್ಕು ಕೆಳಗೆ ಬೀಳುತ್ತಿತ್ತಂತೆ.

ಈ ಸಲ ಕಂಪನಿ ಬಂದ ಮೂರನೆಯ ದಿನ, ದೊರೆಸಾನಿಯ ಬಟ್ಲರ್ ಚೌರಪ್ಪ ಆ ಗೌನನ್ನು ತಂದು ಪಾಂಡೋಜಿಯ ಮುಂದೆ ಹರವಿದ.

"ಬೆನ್ನಿನ ಕಡೆ ಮೇಲಿಂದ ಕೆಳಗಿನ ತನಕ ಕತ್ತರಿಸಿಬಿಡಿ, ಅಣ್ಣ. ಈಗಲೇ ಬೇಕು."

ಪಾಂಡೋಜಿ ಕತ್ತರಿಯನ್ನು ದೂರ ಸರಿಸಿದ. ಇಪ್ಪತ್ತು ದಿನ ಕೂತು ಹಾಕಿದ ಹೊಲಿಗೆ ಅದು.

"ತಲೆ ಕೆಟ್ಟಿದೆಯೇನೋ ಚೌರಾ? ಅಮ್ಮಾವ್ರು ತಿರುಗಿದ ಕೂಡ್ಲೇ ಬೆನ್ನೆಲ್ಲಾ ಕಾಣುತ್ತೆ. ಹೊಲಿದೋನು ಯಾವನು ಅಂತ ಊರೇ ನನ್ನ ಮುಖಕ್ಕೆ ಉಗಿಯುತ್ತೆ!"

"ಇವತ್ತು ತಿರುಗಲ್ಲ."

"ದಪ್ಪ ಆಗಿದ್ರೆ ಹೇಳು, ಅದಕ್ಕ್ಯಾಕೆ ನಾಚಿಕೆ? ಪಕ್ಕದಲ್ಲಿ ಎರಡು ಬೆರಳು ಬಟ್ಟೆ ಒಳಗೇ ಬಿಟ್ಟಿದೀನಿ, ಬಿಚ್ಚಿಕೊಡ್ತೀನಿ. ಕತ್ತರಿ ಮಾತ್ರ ಹಾಕಲ್ಲ. ಕರಿ ನಿಮ್ಮ ದೊರೇನ, ಅವರಿಗೇ ಹೇಳ್ತೀನಿ."

ದೊರೆಸಾನಿಯ ಗಂಡ ಹೊರಗೆ ಜಟಕಾದಲ್ಲಿ ತಲೆ ತಗ್ಗಿಸಿ ಕೂತಿದ್ದ. ಚೌರಪ್ಪ ಬಾಗಿಲಿಗೆ ಅಡ್ಡ ನಿಂತ.

"ಅವರನ್ನ ಕರೀಬೇಡಿ ಅಣ್ಣ. ಅಮ್ಮಾವ್ರನ್ನ ಇದರಲ್ಲೇ ಮಣ್ಣು ಮಾಡ್ಬೇಕಂತೆ; ಕೈ ಸೆಟೆದುಕೊಂಡಿದೆ, ಹಿಂದೆ ಸೀಳಿದ್ರೇನೇ ತೊಡಿಸೋಕಾಗೋದು."